ಅವತಾರ್ 4 ಬರುತ್ತಾ? ಕ್ಯಾಮರೂನ್ ಮನಸ್ಸಿಗಿಂತ ಖರ್ಚಿನ ಲೆಕ್ಕವೇ ದೊಡ್ಡದು

'ಅವತಾರ್' ಸರಣಿಯ ಮೂರನೇ ಸಿನಿಮಾ 'ಫೈರ್ ಆ್ಯಂಡ್ ಆ್ಯಶ್' 2025ರ ಡಿಸೆಂಬರ್ 19ರಂದು ತೆರೆಗೆ ಬಂತು. ಮುಂದಿನದು ಯಾವಾಗ ಅಂತ ಕೇಳಿದರೆ ಡಿಸ್ನಿಯ ಪಟ್ಟಿಯಲ್ಲಿ ಉತ್ತರ ಇದೆ. ನಾಲ್ಕನೆಯದು 2029ರ ಡಿಸೆಂಬರ್ 21ಕ್ಕೆ, ಐದನೆಯದು 2031ರ ಡಿಸೆಂಬರ್ 19ಕ್ಕೆ. ಎರಡಕ್ಕೂ ಕಥೆ ಬರೆದಾಗಿದೆ. ನಾಲ್ಕನೆಯದರ ಒಂದಷ್ಟು ಭಾಗ ಶೂಟಿಂಗ್ ಕೂಡ ಮುಗಿದಿದೆ. ಇಷ್ಟೆಲ್ಲ ಇದ್ದರೂ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಮಾತ್ರ ಮೂರನೆಯದರ ಬಿಡುಗಡೆಗೆ ಮುಂಚೆ ಯಾವ ಭರವಸೆಯನ್ನೂ ಕೊಡಲಿಲ್ಲ. ಇದೇ ಕೊನೆಯದಾದರೂ ಆಗಬಹುದು ಅಂದರು.

ಕೇಳಿದಾಗ ನಂಬೋದು ಕಷ್ಟ. ಪ್ರಪಂಚದಲ್ಲಿ ಈವರೆಗೆ ಅತಿ ಹೆಚ್ಚು ಗಳಿಸಿದ ಮೊದಲ ನಾಲ್ಕು ಸಿನಿಮಾ ತೆಗೆದುಕೊಳ್ಳಿ. ಮೂರು ಅವರವೇ. 2009ರ 'ಅವತಾರ್' ಮೊದಲ ಸ್ಥಾನದಲ್ಲಿದೆ, 2022ರ 'ದಿ ವೇ ಆಫ್ ವಾಟರ್' ಮೂರನೇ ಸ್ಥಾನದಲ್ಲಿ, 1997ರ 'ಟೈಟಾನಿಕ್' ನಾಲ್ಕರಲ್ಲಿ. ಇಷ್ಟು ಗೆದ್ದವರಿಗೂ ಇನ್ನೊಂದು ಸಿನಿಮಾ ಮಾಡೋದು ತಮ್ಮ ಕೈಯಲ್ಲಿಲ್ಲ ಅಂದರೆ ಏನರ್ಥ?

ನನಗೆ ಅನ್ನಿಸೋದನ್ನು ಮೊದಲೇ ಹೇಳಿಬಿಡುತ್ತೇನೆ. ಜನ ಮತ್ತೆ ಬರುತ್ತಾರಾ ಅನ್ನೋದು ಇಲ್ಲಿ ಅರ್ಧ ಪ್ರಶ್ನೆ ಅಷ್ಟೆ. ಈ ಸಿನಿಮಾವನ್ನು ಈಗಿನದಕ್ಕಿಂತ ಕಡಿಮೆ ದುಡ್ಡಿನಲ್ಲಿ, ಈಗಿನದಕ್ಕಿಂತ ಬೇಗ ಮಾಡೋಕೆ ಆಗುತ್ತಾ ಅನ್ನೋದು ಉಳಿದರ್ಧ. ಅದೇ ಗಟ್ಟಿ ಗಂಟು. ಅದನ್ನು ಬಿಚ್ಚೋಕೆ ಸ್ವಲ್ಪ ಹಿಂದಿನಿಂದ ಬರಬೇಕು.

ತಾರೀಖು ಇದ್ದ ಮಾತ್ರಕ್ಕೆ ಸಿನಿಮಾ ಇದೆ ಅಂತಲ್ಲ

ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳು ಬಿಡುಗಡೆಯ ದಿನವನ್ನು ವರ್ಷಗಟ್ಟಲೆ ಮುಂಚೆ ಹಿಡಿದಿಡುತ್ತವೆ. ಡಿಸೆಂಬರ್ ಕೊನೆ ಅಂದರೆ ಕ್ರಿಸ್‌ಮಸ್ ರಜೆ, ಹೊಸ ವರ್ಷ. ಮಕ್ಕಳು ಮನೆಯಲ್ಲಿರುತ್ತಾರೆ, ಕುಟುಂಬಗಳು ಥಿಯೇಟರಿಗೆ ಬರುತ್ತವೆ. ಆ ವಾರ ನಮ್ಮದು ಅಂತ ಮೊದಲೇ ಹೇಳಿಬಿಟ್ಟರೆ ಬೇರೆ ಸ್ಟುಡಿಯೋದವರು ಅಲ್ಲಿಗೆ ತಮ್ಮ ಸಿನಿಮಾ ತರಲು ಹಿಂಜರಿಯುತ್ತಾರೆ. ಹೆಣ್ಣು ಗಂಡು ಒಪ್ಪುವ ಮೊದಲೇ ಕಲ್ಯಾಣ ಮಂಟಪ ಬುಕ್ ಮಾಡಿದ ಹಾಗೆ ಇದು. ಮಂಟಪ ಸಿಕ್ಕಿದೆ, ಮದುವೆ ಇನ್ನೂ ಗೊತ್ತಾಗಿಲ್ಲ.

ಇದೇ ಸರಣಿಯ ಎರಡನೇ ಸಿನಿಮಾದ ಜಾತಕ ನೋಡಿದರೆ ಸಾಕು. 2010ರಲ್ಲಿ ಹೇಳಿದ್ದು 2014ರ ಡಿಸೆಂಬರ್. ಆಮೇಲೆ 2016 ಅಂದರು, 2017 ಅಂದರು, 2018 ಅಂದರು. ಅದೂ ದಾಟಿ 2020ಕ್ಕೆ, ಅಲ್ಲಿಂದ 2021ಕ್ಕೆ ಹೋಯಿತು. ಕೊನೆಗೂ ಬಂದದ್ದು 2022ರ ಡಿಸೆಂಬರ್ 16ಕ್ಕೆ. ನಾಲ್ಕನೆಯದಕ್ಕೂ ಈ ಹಿಂದೆ 2024, 2025, 2026 ಅಂತ ತಾರೀಖು ಕೊಟ್ಟು ತೆಗೆದಿದ್ದಾರೆ. ಈಗಿರುವ 2029 ನಿಗದಿಯಾದದ್ದು 2023ರ ಜೂನ್‌ನಲ್ಲಿ.

ಹಾಗಂತ ಇವೆಲ್ಲ ಬರೀ ಬಾಯಿಮಾತು ಅಂದುಕೊಳ್ಳಬೇಡಿ. ಈ ಸರಣಿಗೆ ನಡೆದಿರುವ ತಯಾರಿ ಬೇರೆ ಯಾವ ಸಿನಿಮಾಕ್ಕೂ ಸುಲಭವಾಗಿ ಸಿಗೋದಿಲ್ಲ. ಮುಂದಿನ ಭಾಗಗಳ ಕಥೆಗೆ ಕ್ಯಾಮರೂನ್ ಬರಹಗಾರರ ಒಂದು ತಂಡವನ್ನೇ ಕೂಡಿಸಿದರು. ರಿಕ್ ಜಾಫಾ, ಅಮಾಂಡಾ ಸಿಲ್ವರ್, ಜಾಶ್ ಫ್ರೀಡ್‌ಮನ್, ಶೇನ್ ಸಲೆರ್ನೊ. ಎಲ್ಲರೂ ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ಕೂತು ಇಡೀ ಕಥೆಯನ್ನು ಹೆಣೆದರು. ಯಾರು ಯಾವ ಭಾಗ ಬರೆಯಬೇಕು ಅನ್ನೋದನ್ನು ಕ್ಯಾಮರೂನ್ ಕೊನೆಯವರೆಗೂ ಹೇಳಲಿಲ್ಲ. ಮೊದಲೇ ಹೇಳಿದ್ದರೆ ತನ್ನ ಭಾಗ ಬಂದಾಗ ಮಾತ್ರ ಕಿವಿ ಕೊಡುತ್ತಿದ್ದರು, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಕೋಣೆಯಿಂದ ಹೊರಬಂದ ಕಥೆ ಎಷ್ಟು ದೊಡ್ಡದಿತ್ತು ಅಂದರೆ 2013ರಲ್ಲಿ ಮೂರು ಮುಂದುವರಿದ ಭಾಗ ಅಂದದ್ದು 2016ರ ಏಪ್ರಿಲ್‌ನಲ್ಲಿ ನಾಲ್ಕಾಯಿತು. ಮೊದಲನೆಯದೂ ಸೇರಿ ಒಟ್ಟು ಐದು.

ಈ ಹಂತದಲ್ಲಿ ಒಂದು ಜಾಣತನದ ನಿರ್ಧಾರವಾಯಿತು. ಎರಡು ಮತ್ತು ಮೂರನೇ ಸಿನಿಮಾದ ಶೂಟಿಂಗ್ ಒಟ್ಟಿಗೇ ನಡೆಸಿದರು. 2017ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿ, ಅದರ ಜೊತೆಗೇ ನಾಲ್ಕನೆಯದರ ಆರಂಭದ ಭಾಗವನ್ನೂ ಮುಗಿಸಿಕೊಂಡರು. ಕಾರಣ ಮಕ್ಕಳು. ಪ್ಯಾಂಡೋರಾ ಎಂಬ ದೂರದ ಲೋಕದಲ್ಲಿ ನಡೆಯುವ ಈ ಕಥೆಯಲ್ಲಿ ಜೇಕ್ ಸಲ್ಲಿ, ನೇಯ್ಟಿರಿ ದಂಪತಿಯ ಮಕ್ಕಳೇ ಮುಖ್ಯ. ನಾಲ್ಕನೆಯದು ಶುರುವಾಗುವಾಗ ಅವರು ಇನ್ನೂ ಚಿಕ್ಕವರು. ಸ್ವಲ್ಪ ಹೊತ್ತಿನ ನಂತರ ಕಥೆ ಕೆಲವು ವರ್ಷ ಮುಂದಕ್ಕೆ ಜಿಗಿಯುತ್ತದೆ. ನಿಜವಾದ ಮಕ್ಕಳು ಸ್ಟುಡಿಯೋ ಲೆಕ್ಕಕ್ಕೆ ಕಾಯದೆ ಬೆಳೆದುಬಿಡುತ್ತಾರೆ ಅಲ್ವಾ? ಅದಕ್ಕೇ ಜಿಗಿತಕ್ಕಿಂತ ಮುಂಚಿನದನ್ನು ಮೊದಲೇ ಹಿಡಿದಿಟ್ಟರು. ಸ್ಪೈಡರ್ ಎಂಬ ಮನುಷ್ಯ ಹುಡುಗನ ಪಾತ್ರ ಮಾಡಿದ ಜ್ಯಾಕ್ ಚಾಂಪಿಯನ್ ಹುಟ್ಟಿದ್ದು 2004ರಲ್ಲಿ. ತೆರೆಯ ಮೇಲೆ ಅವರು ತಮ್ಮ ಸ್ವಂತ ಮುಖದಲ್ಲೇ ಕಾಣುತ್ತಾರೆ. ಅವರ ವಯಸ್ಸನ್ನು ಮುಚ್ಚಿಡೋದು ಸುಲಭವಲ್ಲ. ಪ್ಯಾಂಡೋರಾದ ನೀಲಿ ಮೈಯ ಮೂಲನಿವಾಸಿಗಳಾದ ನಾವಿ ಪಾತ್ರಗಳಿಗೆ ಈ ತೊಂದರೆ ಕಡಿಮೆ, ಅವರ ಮುಖ ಕಂಪ್ಯೂಟರಿನಲ್ಲಿ ಮೂಡಿದ್ದು. 1949ರಲ್ಲಿ ಹುಟ್ಟಿದ ಸಿಗೋರ್ನಿ ವೀವರ್ 'ಕಿರಿ' ಎಂಬ ಹದಿಹರೆಯದ ನಾವಿ ಹುಡುಗಿಯಾಗಿ ನಟಿಸಿದ್ದಾರೆ, ಅದನ್ನು ನಾವು ನಂಬಿಯೂ ಇದ್ದೇವೆ.

ಕಥೆ ಎಲ್ಲಿಗೆ ನಿಂತಿದೆ

ಮೂರನೆಯದನ್ನು ನೋಡದವರು ಈ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು.

ಎರಡನೇ ಸಿನಿಮಾದ ಕೊನೆಯಲ್ಲಿ ಜೇಕ್ ಮತ್ತು ನೇಯ್ಟಿರಿಯ ಹಿರಿಮಗ ನೆಟೆಯಂ ಸತ್ತ. ಮೂರನೆಯದು ಆ ದುಃಖದಿಂದಲೇ ಶುರುವಾಗುತ್ತದೆ. ಬೂದಿ ನೆಲದ ಮಂಗ್‌ಕ್ವಾನ್ ಕುಲ ಬರುತ್ತದೆ, ಅದರ ನಾಯಕಿ ವರಾಂಗ್ ಬರುತ್ತಾಳೆ. ಆದರೆ ಮುಂದಿನ ಕಥೆಗೆ ಬೀಜ ಬಿದ್ದಿರೋದು ಸ್ಪೈಡರ್‌ನಲ್ಲಿ. ಮಾಸ್ಕ್ ಇಲ್ಲದೆ ಪ್ಯಾಂಡೋರಾದ ಗಾಳಿ ಉಸಿರಾಡುವ ಶಕ್ತಿ ಅವನಿಗೆ ಬರುತ್ತದೆ. ಒಬ್ಬ ಮನುಷ್ಯ ಅಲ್ಲಿ ಹಾಗೆಯೇ ಬದುಕಬಲ್ಲ ಅಂದಮೇಲೆ ಉಳಿದವರೂ ಬದುಕಬಹುದು. ಭೂಮಿಯಿಂದ ಬರುವವರಿಗೆ ಇದ್ದ ದೊಡ್ಡ ಅಡ್ಡಿಯೇ ಹೋಯಿತು. ಮೊದಲ ಸಿನಿಮಾದಿಂದ ನಾವು ಸುಮ್ನೆ ಒಪ್ಪಿಕೊಂಡು ಬಂದಿದ್ದ ಒಂದು ನಿಯಮ ಇಲ್ಲಿ ಮುರಿದಿದೆ. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಇದನ್ನು ಇಲ್ಲಿಗೇ ಬಿಟ್ಟರೆ ನಿಜಕ್ಕೂ ಬೇಜಾರು.

ಐದನೇ ಭಾಗದಲ್ಲಿ ನೇಯ್ಟಿರಿ ಭೂಮಿಗೆ ಬರುತ್ತಾಳೆ ಅಂತ ನಿರ್ಮಾಪಕ ಜಾನ್ ಲ್ಯಾಂಡೌ ಹಿಂದೆಯೇ ಹೇಳಿದ್ದರು. ಮನುಷ್ಯರೆಲ್ಲ ಕೆಟ್ಟವರಲ್ಲ, ಭೂಮಿಗೂ ಇನ್ನೊಂದು ಮುಖ ಇದೆ ಅಂತ ಅವಳು ನೋಡಬೇಕು. ಇಷ್ಟು ದೂರ ಯೋಚಿಸಿದ ಕಥೆ ಇದು. ಹಾಗಿದ್ದರೂ ಮೂರನೆಯದನ್ನು ಒಂದು ನಿಲ್ದಾಣದ ಹಾಗೆ ಕಟ್ಟಿದ್ದಾರೆ. ಅಲ್ಲಿಗೆ ಇಳಿದು ಹೋದರೂ ತೀರಾ ಅರ್ಧಕ್ಕೆ ಬಿಟ್ಟ ಹಾಗೆ ಅನ್ನಿಸದಿರಲಿ ಅಂತ. ಇನ್ನು ಮುಂದೆ ಸಿನಿಮಾ ಆಗದಿದ್ದರೆ ಉಳಿದದ್ದನ್ನು ಪುಸ್ತಕವಾಗಿ ಬರೆದು ಮುಗಿಸುತ್ತೇನೆ ಅಂತಲೂ ಕ್ಯಾಮರೂನ್ ಹೇಳಿದ್ದಾರೆ.

ನೂರು ಕೋಟಿ ಡಾಲರ್ ಯಾಕೆ ಸಾಲದು

ಈಗ ಗಂಟಿನ ಕಡೆಗೆ ಬರೋಣ. ಮೊದಲ 'ಅವತಾರ್' ಒಟ್ಟು ಗಳಿಸಿದ್ದು ಸುಮಾರು 292 ಕೋಟಿ ಡಾಲರ್, ಮರುಬಿಡುಗಡೆಗಳೂ ಸೇರಿ. ಎರಡನೆಯದು 232 ಕೋಟಿ. ಮೂರನೆಯದೂ ಹೊಸ ವರ್ಷದ ಮೊದಲ ದಿನಗಳಲ್ಲೇ 100 ಕೋಟಿ ಡಾಲರ್ ದಾಟಿತು. ಆದರೆ ಹಿಂದಿನ ಎರಡರ ಓಟ ಅದಕ್ಕೆ ಸಿಗಲಿಲ್ಲ. ಅಮೆರಿಕ ಮತ್ತು ಕೆನಡಾದ ಮೊದಲ ವಾರಾಂತ್ಯವನ್ನೇ ನೋಡಿ. ಎರಡನೆಯದಕ್ಕೆ 13.4 ಕೋಟಿ ಡಾಲರ್ ಬಂದಿತ್ತು, ಮೂರನೆಯದಕ್ಕೆ ಸುಮಾರು 9 ಕೋಟಿ.

ನೂರು ಕೋಟಿ ಡಾಲರ್ ಅಂದರೆ ಯಾವ ನಿರ್ಮಾಪಕರಾದರೂ ಹಬ್ಬ ಮಾಡಬೇಕು. ಆದರೆ ಆ ಮೊತ್ತ ಟಿಕೆಟ್ ಕೌಂಟರಿನಲ್ಲಿ ಬಿದ್ದ ಒಟ್ಟು ದುಡ್ಡು. ಅದರಲ್ಲಿ ಥಿಯೇಟರಿನವರ ಪಾಲಿದೆ. ಅಮೆರಿಕದಲ್ಲಿ ಸ್ಟುಡಿಯೋಗೆ ಸಿಗೋದು ಹೆಚ್ಚುಕಡಿಮೆ ಅರ್ಧ. ಹೊರದೇಶಗಳಲ್ಲಿ ಇನ್ನೂ ಕಡಿಮೆ. ಚೀನಾದಲ್ಲಿ ಕಾಲು ಭಾಗ ಸಿಕ್ಕರೆ ಹೆಚ್ಚು. 'ಅವತಾರ್' ಸಿನಿಮಾಗಳಿಗೆ ಹೊರದೇಶದ ದುಡ್ಡೇ ಜಾಸ್ತಿ. 'ದಿ ವೇ ಆಫ್ ವಾಟರ್' ಗಳಿಸಿದ್ದರಲ್ಲಿ ಸುಮಾರು 70 ಪರ್ಸೆಂಟ್ ಅಮೆರಿಕ, ಕೆನಡಾದ ಆಚೆಯಿಂದ ಬಂತು. ನಮ್ಮಲ್ಲಿ ಅದು ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ತೆಲುಗು, ಮಲಯಾಳಂ, ಕನ್ನಡದಲ್ಲೂ ಬಂದದ್ದಕ್ಕೆ ಕಾರಣ ಇದೇ. ನೀಲಿ ಮೈಯವರು ಕನ್ನಡದಲ್ಲಿ ಮಾತಾಡಿದ್ದನ್ನು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಆದರೆ ಹೀಗೆ ದೂರದ ಊರುಗಳಲ್ಲಿ ಕೂಡಿದ ದುಡ್ಡಿನಲ್ಲಿ ಸ್ಟುಡಿಯೋ ಕೈಗೆ ಹೋಗೋದು ಅರ್ಧಕ್ಕಿಂತ ಕಡಿಮೆ.

ಒರಟು ಲೆಕ್ಕ ಹಾಕೋಣ. 100 ಕೋಟಿ ಡಾಲರ್ ಟಿಕೆಟ್ ಮಾರಿದರೆ ಸ್ಟುಡಿಯೋಗೆ 45 ಕೋಟಿ ಸಿಕ್ಕಿತು ಅಂದುಕೊಳ್ಳಿ. ಮೂರನೇ ಸಿನಿಮಾ ಮಾಡೋಕೆ 40 ಕೋಟಿ ಡಾಲರಿನ ಆಸುಪಾಸು ಖರ್ಚಾಗಿದೆ ಅಂತ ವರದಿಗಳಿವೆ. ಇಷ್ಟು ದೊಡ್ಡ ಸಿನಿಮಾದ ಪ್ರಚಾರಕ್ಕೆ ಇನ್ನೂ 10ರಿಂದ 15 ಕೋಟಿ ಬೇಕು. ಕೂಡಿಸಿ ನೋಡಿ. ನೂರು ಕೋಟಿ ಗಳಿಸಿದ ದಿನ ಅಸಲು ಕೂಡ ಪೂರ್ತಿ ಬಂದಿರೋದಿಲ್ಲ. ಅಲ್ಲಿಂದಾಚೆ ಬಂದದ್ದು, ಟಿವಿ, ಒಟಿಟಿ, ಎಲ್ಲ ಸೇರಿ ಲಾಭ. ಎರಡನೆಯದು ಬರುವ ಮುಂಚೆ ಕ್ಯಾಮರೂನ್ ಇದನ್ನು ಬಾಯಿಬಿಟ್ಟು ಹೇಳಿದ್ದರು. ಈ ಸಿನಿಮಾ ಚರಿತ್ರೆಯಲ್ಲೇ ಮೂರನೆಯ ಅಥವಾ ನಾಲ್ಕನೆಯ ಅತಿ ದೊಡ್ಡ ಗಳಿಕೆ ಮಾಡಿದರೆ ಮಾತ್ರ ಅಸಲು ಬರುತ್ತದೆ, ವ್ಯಾಪಾರ ಅಂತ ನೋಡಿದರೆ ಇದು ತೀರಾ ಕೆಟ್ಟ ವ್ಯಾಪಾರ ಅಂದಿದ್ದರು. ಅದು ಮೂರನೆಯದೇ ಆಯಿತು, ಬಚಾವಾದರು. ಪ್ರತಿ ಸಲವೂ ಚರಿತ್ರೆ ಬರೆಯಬೇಕು ಅನ್ನುವ ಷರತ್ತಿನಲ್ಲಿ ಯಾವ ಕಂಪನಿ ದುಡ್ಡು ಹಾಕುತ್ತದೆ?

ಖರ್ಚಿನಲ್ಲಿ ಒಂದಷ್ಟು ವಾಪಸ್ ಬರುವ ದಾರಿಯೂ ಇದೆ. 2013ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಸರ್ಕಾರ ಈ ಸಿನಿಮಾಗಳಿಗಾಗಿ ಒಂದು ಒಪ್ಪಂದ ಮಾಡಿಕೊಂಡಿತು. ಮುಂದಿನ ಭಾಗಗಳನ್ನು ಅಲ್ಲೇ ಮಾಡಬೇಕು, ಕನಿಷ್ಠ 50 ಕೋಟಿ ನ್ಯೂಜಿಲೆಂಡ್ ಡಾಲರ್ ಅಲ್ಲೇ ಖರ್ಚು ಮಾಡಬೇಕು. ಹಾಗೆ ಮಾಡಿದರೆ ಖರ್ಚಿನ ಕಾಲು ಭಾಗ ಸರ್ಕಾರ ವಾಪಸ್ ಕೊಡುತ್ತದೆ. ಆ ದೇಶಕ್ಕೆ ಕೆಲಸ ಸಿಕ್ಕಿತು, ಸ್ಟುಡಿಯೋಗೆ ಹೊರೆ ಇಳಿಯಿತು. ಕ್ಯಾಮರೂನ್ ಅಲ್ಲಿಗೇ ಮನೆ ಬದಲಾಯಿಸಿದರು, 2025ರಲ್ಲಿ ಅಲ್ಲಿನ ಪೌರತ್ವವನ್ನೂ ಪಡೆದರು.

ಡಿಸ್ನಿಗೆ ಇನ್ನೊಂದು ಲೆಕ್ಕವೂ ಇದೆ. 2019ರ ಮಾರ್ಚ್‌ನಲ್ಲಿ ಅದು ಫಾಕ್ಸ್ ಸ್ಟುಡಿಯೋವನ್ನು ಕೊಂಡುಕೊಂಡಾಗ 'ಅವತಾರ್' ಅದರ ಕೈಗೆ ಬಂತು. ಅದಕ್ಕೂ ಮೊದಲೇ, 2017ರ ಮೇನಲ್ಲಿ, ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿ ಪ್ಯಾಂಡೋರಾದ ಒಂದು ದೊಡ್ಡ ಭಾಗವೇ ತೆರೆದಿತ್ತು. ಕ್ಯಾಲಿಫೋರ್ನಿಯಾದಲ್ಲೂ ಒಂದು ಮಾಡುವುದಾಗಿ ಹೇಳಿದ್ದಾರೆ. ಹೊಸ ಸಿನಿಮಾ ಬರುತ್ತಿದ್ದರೆ ಪಾರ್ಕಿಗೆ ಹೊಸ ಮಕ್ಕಳು ಬರುತ್ತಾರೆ. ಸಿನಿಮಾದಿಂದ ಲಾಭ ತೆಳುವಾದರೂ ಸರಣಿಯನ್ನು ಜೀವಂತ ಇಡೋಕೆ ಇದೊಂದು ಕಾರಣ. ಇದನ್ನು ಜನ ಅಷ್ಟಾಗಿ ಲೆಕ್ಕಕ್ಕೆ ಹಿಡಿಯೋದಿಲ್ಲ.

ಅಷ್ಟು ದುಡ್ಡು ಹೋಗೋದು ಎಲ್ಲಿಗೆ

ಒಂದೇ ಜಾಗ ತೋರಿಸುತ್ತೇನೆ: ನೀರಿನ ಟ್ಯಾಂಕ್.

ನಾವಿ ಪಾತ್ರಗಳು ಬರೀ ಕಂಪ್ಯೂಟರಿನಲ್ಲಿ ಬಿಡಿಸಿದ ಗೊಂಬೆಗಳಲ್ಲ. ಪ್ರತಿಯೊಂದರ ಹಿಂದೆ ಒಬ್ಬ ನಟ ಇದ್ದಾರೆ. ಅವರ ಮೈಗೆ ಬಿಗಿಯಾದ ಉಡುಪು, ಅದರ ಮೇಲೆ ಅಲ್ಲಲ್ಲಿ ಗುರುತಿನ ಚುಕ್ಕೆಗಳು. ಸುತ್ತ ನೆಟ್ಟ ಕ್ಯಾಮೆರಾಗಳು ಆ ಚುಕ್ಕೆಗಳನ್ನೇ ಹಿಂಬಾಲಿಸಿ ಮೈಯ ಚಲನೆಯನ್ನು ದಾಖಲಿಸುತ್ತವೆ. ತಲೆಗೆ ಹಾಕಿದ ಪಟ್ಟಿಯಿಂದ ಒಂದು ಸಣ್ಣ ಕ್ಯಾಮೆರಾ ಮುಖದ ಮುಂದಕ್ಕೆ ಚಾಚಿಕೊಂಡಿರುತ್ತದೆ. ಹುಬ್ಬು ಗಂಟಿಕ್ಕಿದ್ದು, ತುಟಿ ನಡುಗಿದ್ದು, ಕಣ್ಣು ಹೊರಳಿದ್ದು ಎಲ್ಲ ಅದರಲ್ಲಿ ಸಿಗುತ್ತದೆ. ಈ ದಾಖಲೆಯನ್ನು ಆಮೇಲೆ ನೀಲಿ ಮೈಗೆ ಹೊದಿಸುತ್ತಾರೆ. ಇದಕ್ಕೆ ಪರ್ಫಾರ್ಮೆನ್ಸ್ ಕ್ಯಾಪ್ಚರ್ ಅಂತಾರೆ.

ಎರಡನೇ ಸಿನಿಮಾದಲ್ಲಿ ಕಥೆ ಸಮುದ್ರಕ್ಕೆ ಹೋಯಿತು. ನಟರನ್ನು ಹಗ್ಗಕ್ಕೆ ತೂಗುಹಾಕಿ ಈಜಿದ ಹಾಗೆ ನಟಿಸಿ ಅಂದು, ನೀರನ್ನು ಕಂಪ್ಯೂಟರಿನಲ್ಲಿ ಸೇರಿಸೋದು ಸುಲಭದ ದಾರಿ. ಕ್ಯಾಮರೂನ್ ಒಪ್ಪಲಿಲ್ಲ. ನೀರಿನಲ್ಲಿರುವ ಮೈ ಬೇರೆ ಥರ ಚಲಿಸುತ್ತದೆ, ಅದನ್ನು ನಟಿಸಿ ತೋರಿಸೋಕೆ ಆಗೋದಿಲ್ಲ ಅನ್ನೋದು ಅವರ ಹಟ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿರುವ ಸ್ಟುಡಿಯೋದಲ್ಲಿ ಸುಮಾರು 34 ಲಕ್ಷ ಲೀಟರ್ ಹಿಡಿಯುವ ಟ್ಯಾಂಕ್ ಕಟ್ಟಿಸಿದರು. ಅಲೆ ಏಳಿಸುವ ವ್ಯವಸ್ಥೆಯೂ ಅದರಲ್ಲಿತ್ತು.

ಆಮೇಲೆ ಶುರುವಾಯಿತು ತೊಂದರೆ. ನೀರಿನ ಮೇಲ್ಮೈ ಒಳಗಿನಿಂದ ನೋಡಿದರೆ ಕನ್ನಡಿ. ಅದರಲ್ಲಿ ಚುಕ್ಕೆಗಳ ಪ್ರತಿಬಿಂಬ ಕಂಡರೆ ಯಂತ್ರಕ್ಕೆ ಯಾವುದು ನಿಜ, ಯಾವುದು ನೆರಳು ಗೊತ್ತಾಗೋದಿಲ್ಲ. ಮೇಲಿನ ದೀಪದ ಬೆಳಕು ಒಳಗೆ ಕುಣಿದರೂ ಅದೇ ಕಥೆ. ಅದಕ್ಕೆ ಕಂಡುಕೊಂಡ ಉಪಾಯ ತುಂಬಾ ಸರಳ. ಇಡೀ ನೀರಿನ ಮೇಲೆ ಸಣ್ಣ ಬಿಳಿ ಚೆಂಡುಗಳನ್ನು ತೇಲಿಬಿಟ್ಟರು. ಬೆಳಕು ಹದವಾಗಿ ಇಳಿಯಿತು. ಉಸಿರಿಗೆ ಮೇಲೆ ಬಂದವರು ಚೆಂಡುಗಳನ್ನು ತಳ್ಳಿಕೊಂಡು ತಲೆ ಹೊರಗೆ ಹಾಕಿದರೆ ಆಯಿತು, ಪೆಟ್ಟಾಗೋದಿಲ್ಲ. ಎರಡನೇ ತೊಂದರೆ ಗುಳ್ಳೆಗಳದ್ದು. ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಮುಳುಗಿದರೆ ಬಾಯಿಂದ ಗುಳ್ಳೆ ಏಳುತ್ತದೆ. ಯಂತ್ರಕ್ಕೆ ಪ್ರತಿ ಗುಳ್ಳೆಯೂ ಒಂದು ಚುಕ್ಕೆಯ ಹಾಗೆ ಕಾಣುತ್ತದೆ. ಹಾಗಾಗಿ ನೀರೊಳಗಿನ ದೃಶ್ಯ ಅಂದರೆ ನಟರೂ ಸಹಾಯಕರೂ ಉಸಿರು ಕಟ್ಟಿಯೇ ಇರಬೇಕು. ಎಲ್ಲರಿಗೂ ತರಬೇತಿ ಕೊಟ್ಟರು. ಆ ಅಭ್ಯಾಸದಲ್ಲಿ ಕೇಟ್ ವಿನ್ಸ್‌ಲೆಟ್ 7 ನಿಮಿಷಕ್ಕೂ ಹೆಚ್ಚು ಹೊತ್ತು ಉಸಿರು ಹಿಡಿದರು.

ಇಷ್ಟೆಲ್ಲ ಆದಮೇಲೂ ಸಿಕ್ಕಿರೋದು ಚಲನೆಯ ದಾಖಲೆ ಮಾತ್ರ. ಅಲ್ಲಿಂದ ಕೆಲಸ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿರುವ ವೆಟಾ ಎಫ್‌ಎಕ್ಸ್ ಎಂಬ ಗ್ರಾಫಿಕ್ಸ್ ಸ್ಟುಡಿಯೋಗೆ ಹೋಗುತ್ತದೆ. ಚರ್ಮ, ಕೂದಲು, ಎಲೆ, ನೀರು, ಬೆಂಕಿ ಎಲ್ಲ ಅಲ್ಲಿ ಹುಟ್ಟಬೇಕು. ಸಾಮಾನ್ಯ ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ. ಈ ಸಿನಿಮಾಗಳ ಹಲವು ದೃಶ್ಯಗಳಲ್ಲಿ 48. ತ್ರೀಡಿ ಆದ್ದರಿಂದ ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಅಂದರೆ ಒಂದೇ ಸೆಕೆಂಡಿಗೆ 96 ಚಿತ್ರ. ಸಿನಿಮಾ ಮೂರು ಗಂಟೆಗೂ ಜಾಸ್ತಿ. ನಟರ ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ಸಾವಿರಾರು ಜನ ಸಂಬಳ ತೆಗೆದುಕೊಂಡು ಕೂತು ಮಾಡುವ ಕೆಲಸ ಇದು. ಖರ್ಚು ಏರೋದೇ ಇಲ್ಲಿ. ದೊಡ್ಡ ನಟರ ಸಂಭಾವನೆಯಿಂದ ಸಿನಿಮಾ ದುಬಾರಿ ಆಯಿತು ಅನ್ನುವ ನಮ್ಮ ಸಾಮಾನ್ಯ ಅಂದಾಜು ಇಲ್ಲಿಗೆ ಹೊಂದೋದಿಲ್ಲ.

ಹಾಗಾದರೆ ಕಡಿಮೆ ಮಾಡೋದು ಹೇಗೆ? ಕ್ಯಾಮರೂನ್ 2024ರಲ್ಲಿ ಕೃತಕ ಬುದ್ಧಿಮತ್ತೆಯಿಂದ (ಎಐ) ಚಿತ್ರ ಹುಟ್ಟಿಸುವ ಸ್ಟೆಬಿಲಿಟಿ ಎಐ ಎಂಬ ಕಂಪನಿಯ ಆಡಳಿತ ಮಂಡಳಿ ಸೇರಿದರು. ವಿಷುವಲ್ ಎಫೆಕ್ಟ್ಸ್ ಖರ್ಚು ಅರ್ಧಕ್ಕೆ ಇಳಿಯದಿದ್ದರೆ ಇಂಥ ಸಿನಿಮಾಗಳಿಗೆ ಉಳಿಗಾಲ ಇಲ್ಲ ಅನ್ನೋದು ಅವರ ಮಾತು. ಅರ್ಧ ಜನರನ್ನು ಮನೆಗೆ ಕಳಿಸಬಾರದು, ಇದ್ದವರೇ ಒಂದು ಶಾಟ್ ಮುಗಿಸುವ ವೇಗ ಎರಡು ಪಟ್ಟಾಗಬೇಕು ಅನ್ನುತ್ತಾರೆ. ನಟರನ್ನೇ ಯಂತ್ರದಿಂದ ಹುಟ್ಟಿಸುವುದನ್ನು ಮಾತ್ರ ಅವರು ಖಡಾಖಂಡಿತವಾಗಿ ಬೇಡ ಅಂದಿದ್ದಾರೆ. ಈವರೆಗಿನ 'ಅವತಾರ್' ಸಿನಿಮಾಗಳಲ್ಲಿ ಜನರೇಟಿವ್ ಎಐ, ಅಂದರೆ ಹೀಗೆ ತಾನೇ ಚಿತ್ರ ಹುಟ್ಟಿಸುವ ಎಐ, ಬಳಸಿಲ್ಲ ಅಂತಲೂ ಒತ್ತಿ ಹೇಳುತ್ತಾರೆ. ಈ ಗೆರೆಯನ್ನು ಎಲ್ಲಿ ಎಳೀತಾರೆ ಅನ್ನೋದೇ ನಾಲ್ಕನೆಯದರ ಹಣೆಬರಹ ಅಂತ ನನಗೆ ಅನ್ನಿಸುತ್ತದೆ. ಆ ಟ್ಯಾಂಕಿನಲ್ಲಿ ಉಸಿರು ಕಟ್ಟಿ ನಟಿಸಿದ್ದನ್ನು ಉಳಿಸಿಕೊಂಡು, ಆಮೇಲಿನ ಕೂಲಿ ಕೆಲಸದಲ್ಲಿ ಸಮಯ ಉಳಿಸಿದರೆ ಸರಿ. ಟ್ಯಾಂಕನ್ನೇ ಬೇಡ ಅಂದರೆ ಈ ಸರಣಿ ನೋಡೋಕೆ ಹೋಗುವುದಕ್ಕೆ ಅರ್ಥವೇ ಇರೋದಿಲ್ಲ.

ಅನುಕೂಲವಾದ ಒಂದು ಸಂಗತಿಯೂ ಇದೆ. ಮೂರು ಸಿನಿಮಾಗಳಿಗೆ ಕಟ್ಟಿದ ಕಾಡು, ಪ್ರಾಣಿ, ಹಡಗು, ಪಾತ್ರಗಳು ಕಂಪ್ಯೂಟರಿನಲ್ಲಿ ಉಳಿದಿವೆ. ಮತ್ತೆ ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಆದರೆ ಕ್ಯಾಮರೂನ್ ಇರುವುದರಲ್ಲಿ ತೃಪ್ತಿಪಡುವ ಮನುಷ್ಯ ಅಲ್ಲ. ಪ್ರತಿ ಸಿನಿಮಾದಲ್ಲೂ ಹೊಸ ನೆಲ, ಹೊಸ ಕುಲ, ಹೊಸ ಜೀವಿ ಬೇಕು ಅವರಿಗೆ.

ಬೇರೆಯವರ ಕೈಗೆ ಕೊಟ್ಟರೆ?

ಕ್ಯಾಮರೂನ್ ಹುಟ್ಟಿದ್ದು 1954ರ ಆಗಸ್ಟ್ 16ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ನಾಲ್ಕನೆಯದು ಹೇಳಿದ ದಿನಕ್ಕೇ ಬಂದರೆ ಅವರಿಗೆ 75, ಐದನೆಯದಕ್ಕೆ 77. ವಯಸ್ಸೇ ಅಡ್ಡಿ ಅನ್ನೋಕಾಗದು. ರಿಡ್ಲಿ ಸ್ಕಾಟ್ 2024ರಲ್ಲಿ 86ರ ವಯಸ್ಸಿನಲ್ಲಿ 'ಗ್ಲ್ಯಾಡಿಯೇಟರ್ 2' ತಂದರು. ಆದರೆ ಈ ವಯಸ್ಸಿನಲ್ಲಿ ಒಂದು ಸಿನಿಮಾಕ್ಕೆ ನಾಲ್ಕು ವರ್ಷ ಕೊಡುವುದು ದೊಡ್ಡ ಬೆಲೆ. ಇನ್ನೊಂದು ನಷ್ಟವೂ ಇದೆ. 'ಟೈಟಾನಿಕ್' ಕಾಲದಿಂದ ಜೊತೆಗಿದ್ದ ನಿರ್ಮಾಪಕ ಜಾನ್ ಲ್ಯಾಂಡೌ 2024ರ ಜುಲೈನಲ್ಲಿ ತೀರಿಕೊಂಡರು. ಸ್ಟುಡಿಯೋ, ಬಜೆಟ್, ಸಾವಿರಾರು ಕೆಲಸಗಾರರು, ಇವೆಲ್ಲವನ್ನೂ ಸಂಭಾಳಿಸಿ ನಿರ್ದೇಶಕರಿಗೆ ನೆಮ್ಮದಿ ಕೊಡುತ್ತಿದ್ದವರು ಅವರು. ಆ ಜಾಗ ತುಂಬೋದು ಸುಲಭವಲ್ಲ.

ಮುಂದೊಂದು ದಿನ ನಂಬಿಕೆಯ ನಿರ್ದೇಶಕರಿಗೆ ಈ ಸರಣಿ ಒಪ್ಪಿಸಬಹುದು ಅಂತ 2022ರಲ್ಲಿ ಕ್ಯಾಮರೂನ್ ಹೇಳಿದ್ದುಂಟು. ತಾವೇ ವರ್ಷಗಟ್ಟಲೆ ಸಾಕಿದ 'ಅಲೀಟಾ' ಚಿತ್ರವನ್ನು ಹಾಗೆ ರಾಬರ್ಟ್ ರೊಡ್ರಿಗಸ್ ಅವರಿಗೆ ಕೊಟ್ಟಿದ್ದಾರೆ ಕೂಡ. ಆದರೂ ಅವರ ಹಿಂದಿನ ಅನುಭವ ನೋಡಿದರೆ ಹಿಂಜರಿಕೆ ಯಾಕೆ ಅಂತ ಅರ್ಥವಾಗುತ್ತದೆ. 'ಟರ್ಮಿನೇಟರ್' ಕಥೆ ಬರೆದಾಗ ಅವರು ಯಾರಿಗೂ ಗೊತ್ತಿರಲಿಲ್ಲ. ನಾನೇ ನಿರ್ದೇಶನ ಮಾಡಬೇಕು ಅನ್ನುವ ಒಂದೇ ಷರತ್ತಿನ ಮೇಲೆ ಅದರ ಹಕ್ಕನ್ನು ನಿರ್ಮಾಪಕಿ ಗೇಲ್ ಆ್ಯನ್ ಹರ್ಡ್ ಅವರಿಗೆ 1 ಡಾಲರಿಗೆ ಕೊಟ್ಟರು. 1984ರಲ್ಲಿ ಮೊದಲನೆಯದು, 1991ರಲ್ಲಿ ಎರಡನೆಯದು ಅವರೇ ಮಾಡಿದರು. ಆಮೇಲೆ 2003, 2009, 2015ರಲ್ಲಿ ಬೇರೆಯವರ ನಿರ್ದೇಶನದಲ್ಲಿ ಒಂದೊಂದು ಭಾಗ ಬಂತು. ಜನ ಈಗಲೂ ನೆನೆಯೋದು ಮೊದಲೆರಡನ್ನೇ. 2019ರಲ್ಲಿ ನಿರ್ಮಾಪಕರಾಗಿ ವಾಪಸ್ ಬಂದರೂ ಸಿನಿಮಾ ಓಡಲಿಲ್ಲ.

'ಏಲಿಯನ್ಸ್'ನಲ್ಲಿ ಇನ್ನೂ ನೋವಿನ ಸಂಗತಿ ನಡೆಯಿತು. 1986ರಲ್ಲಿ ಕ್ಯಾಮರೂನ್ ಮಾಡಿದ ಆ ಸಿನಿಮಾದ ಕೊನೆಗೆ ನಾಯಕಿ, ಪುಟ್ಟ ಹುಡುಗಿ ನ್ಯೂಟ್, ಸೈನಿಕ ಹಿಕ್ಸ್ ಬದುಕಿ ಉಳಿಯುತ್ತಾರೆ. 1992ರಲ್ಲಿ ಬೇರೆಯವರ ನಿರ್ದೇಶನದಲ್ಲಿ ಬಂದ ಮುಂದಿನ ಭಾಗ ಶುರುವಾಗೋದೇ ಆ ಹುಡುಗಿ ಮತ್ತು ಸೈನಿಕನ ಸಾವಿನಿಂದ. ಕ್ಯಾಮರೂನ್ ತಮ್ಮ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಆದರೆ ಇದೇ ಉದಾಹರಣೆ ಇನ್ನೊಂದು ಕಡೆಗೂ ವಾಲುತ್ತದೆ. 1979ರ ಮೊದಲ 'ಏಲಿಯನ್' ರಿಡ್ಲಿ ಸ್ಕಾಟ್ ಅವರದು. ಅವರ ಕಥೆಯನ್ನು ತೆಗೆದುಕೊಂಡು, ಬೇರೆಯದೇ ರುಚಿಯ ಒಳ್ಳೆಯ ಸಿನಿಮಾ ಮಾಡಿ ತೋರಿಸಿದವರು ಆಗಿನ ಯುವಕ ಕ್ಯಾಮರೂನ್. ಕೈ ಬದಲಾದರೆ ಕೆಟ್ಟೇ ಹೋಗುತ್ತದೆ ಅಂತೇನಿಲ್ಲ ಅನ್ನೋದಕ್ಕೆ ಅವರೇ ಸಾಕ್ಷಿ.

'ಅವತಾರ್' ವಿಷಯದಲ್ಲಿ ನನ್ನ ಮನಸ್ಸು ಮಾತ್ರ ಒಪ್ಪೋದಿಲ್ಲ. ಈ ಕಥೆಯ ಮೊದಲ ಬರಹ 1994ರದು. ಅದನ್ನು ತೆರೆಗೆ ತರುವ ತಂತ್ರಜ್ಞಾನ ಇಲ್ಲ ಅಂತ ಅವರು ಹತ್ತು ವರ್ಷಕ್ಕೂ ಹೆಚ್ಚು ಕಾದರು. ಇದರಲ್ಲಿ ಜನ ಹೊಗಳಿದ್ದೂ ಬೈದದ್ದೂ ಅವರದೇ ಸ್ವಭಾವವನ್ನು: ಕಥೆ ಸರಳ ಅಂತ ದೂರು, ಪ್ರಪಂಚ ಕಟ್ಟುವ ಹಟಕ್ಕೆ ಮೆಚ್ಚುಗೆ. ಆ ಹಟ ಇನ್ನೊಬ್ಬರಿಗೆ ಒಪ್ಪಿಸುವಂಥದ್ದಲ್ಲ. ಬೇರೆಯವರು ಮಾಡಿದ ನಾಲ್ಕನೇ ಭಾಗ ಅಥವಾ ಅವರೇ ಬರೆದ ಪುಸ್ತಕ, ಎರಡರಲ್ಲಿ ಒಂದು ಆರಿಸಿಕೊ ಅಂದರೆ ನಾನು ಪುಸ್ತಕ ಕೊಳ್ಳುತ್ತೇನೆ.

ಮುಂದೆ ಏನು ಗಮನಿಸಬೇಕು

ಇನ್ನು ಮೇಲೆ 'ಅವತಾರ್ 4 ಖಚಿತ', 'ಅವತಾರ್ 4 ರದ್ದು' ಅಂತ ವಾರಕ್ಕೊಂದು ಸುದ್ದಿ ನಿಮ್ಮ ಫೋನಿಗೆ ಬರುತ್ತದೆ. ಸಂದರ್ಶನದ ಒಂದು ಸಾಲು ಹಿಡಿದು ಬರೆದವೇ ಹೆಚ್ಚು. ಅವಕ್ಕಿಂತ ಎರಡು ಸಂಗತಿ ಗಟ್ಟಿಯಾದ ಸುಳಿವು ಕೊಡುತ್ತವೆ.

ಒಂದು, ಕ್ಯಾಮರೂನ್ ಮೊದಲು ಯಾವ ಕೆಲಸ ಕೈಗೆತ್ತಿಕೊಳ್ಳುತ್ತಾರೆ ಅನ್ನೋದು. ಹಿರೋಶಿಮಾ ಮೇಲೆ ಬಿದ್ದ ಅಣುಬಾಂಬಿನ ಬಗ್ಗೆ ಚಾರ್ಲ್ಸ್ ಪೆಲೆಗ್ರಿನೊ ಬರೆದ ಪುಸ್ತಕಗಳ ಹಕ್ಕು ಅವರ ಹತ್ತಿರ ಇದೆ. ಆ ಸಿನಿಮಾ ಮಾಡಲೇಬೇಕು ಅನ್ನುವ ಆಸೆ ಅವರಿಗೆ ಬಹಳ ಹಳೆಯದು. ಅದು ಮೊದಲು ಶುರುವಾದರೆ ಪ್ಯಾಂಡೋರಾ ಹಿಂದಕ್ಕೆ ಸರಿಯಿತು ಅಂತ ಅರ್ಥ.

ಇನ್ನೊಂದು, ನ್ಯೂಜಿಲೆಂಡಿನಲ್ಲಿ ಸೆಟ್ ಯಾವಾಗ ಏಳುತ್ತದೆ ಅನ್ನೋದು. ಎರಡನೆಯದರ ಶೂಟಿಂಗ್ ಪೂರ್ತಿ ಮುಗಿಯಿತು ಅಂತ ಕ್ಯಾಮರೂನ್ ಹೇಳಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಸಿನಿಮಾ ಬಂದದ್ದು 2022ರ ಡಿಸೆಂಬರ್‌ನಲ್ಲಿ. ನಡುವಿನ ಎರಡು ವರ್ಷಕ್ಕೂ ಹೆಚ್ಚು ಕಾಲ ವೆಟಾದ ಕೆಲಸಕ್ಕೆ ಹೋಯಿತು. ಅದೇ ಲೆಕ್ಕ ಇಟ್ಟುಕೊಂಡರೆ 2029ರ ಡಿಸೆಂಬರ್‌ಗೆ ಬರಬೇಕಾದ ಸಿನಿಮಾದ ಶೂಟಿಂಗ್ 2027ರ ಸುಮಾರಿಗೆ ಮುಗಿದಿರಬೇಕು. ಅಷ್ಟರೊಳಗೆ ಸ್ಪೈಡರ್ ಪಾತ್ರದ ಜ್ಯಾಕ್ ಚಾಂಪಿಯನ್ ವೆಲ್ಲಿಂಗ್ಟನ್‌ಗೆ ವಿಮಾನ ಹತ್ತಿದ ಸುದ್ದಿ ಬಂದರೆ ಡಿಸ್ನಿ ದುಡ್ಡು ಬಿಚ್ಚಿದೆ ಅಂತ ನಂಬಬಹುದು. ಬರದಿದ್ದರೆ ಆ ತಾರೀಖು ಮತ್ತೊಮ್ಮೆ ಮುಂದಕ್ಕೆ ಹೋಗುತ್ತದೆ.